ನಿಮಗೆ ಇಷ್ಟು ಜನ ಪರಿಚಯ ಹೇಗೆ ಅಂತ ಕೇಳುವವರಿಗೆ

ನನ್ನ ಜೊತೆ ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿಗೋ ಅವೆನ್ಯೂ ರೋಡಿಗೋ ಬಂದವರೆಲ್ಲ ಒಂದಲ್ಲ ಒಂದು ಸಲ ಈ ಪ್ರಶ್ನೆ ಕೇಳಿದ್ದಾರೆ. ಹೂವಿನವರು ಕರೆದು ಮಾತಾಡಿಸುತ್ತಾರೆ, ಟೀ ಅಂಗಡಿಯವರು ದುಡ್ಡು ಬೇಡ ಅನ್ನುತ್ತಾರೆ. ನೋಡಿದವರಿಗೆ ಆಶ್ಚರ್ಯ. ಯಾಕಂದ್ರೆ ನಾನು ಮಾತುಗಾರನಲ್ಲ. ಮದುವೆ ಮನೆಗೆ ಹೋದರೆ ಊಟಕ್ಕೆ ಎಲೆ ಯಾವಾಗ ಹಾಕ್ತಾರೆ ಅಂತ ಕಾಯುತ್ತಾ ಮೂಲೆಯಲ್ಲಿ ಕೂರುವ ಪೈಕಿ. ಲಿಫ್ಟಿನಲ್ಲಿ ಪಕ್ಕದ ಮನೆಯವರು ಸಿಕ್ಕರೂ ಮೊಬೈಲ್ ತೆಗೆದು ಸುಮ್ನೆ ನೋಡುತ್ತಾ ನಿಲ್ಲುತ್ತೇನೆ.

ನನ್ನ ಉತ್ತರ ಇಷ್ಟೇ. ಕೊರಳಲ್ಲಿ ಕ್ಯಾಮೆರಾ ಇದ್ದರೆ ಮೊದಲ ಮಾತು ನಾನು ಆಡಬೇಕಾಗಿಲ್ಲ. ಎದುರಿನವರೇ ಆಡುತ್ತಾರೆ.

ಆ ಮೊದಲ ಮಾತು ಹೆಚ್ಚುಕಮ್ಮಿ ಎಲ್ಲ ಕಡೆಯೂ ಒಂದೇ. "ಯಾವ ಪೇಪರ್ ಸಾರ್?" ಅಲ್ಲ ಅಂದರೆ "ಯಾವ ಚಾನಲ್?" ಹಳೇ ಪೇಟೆ ಕಡೆ ಆದರೆ ಸ್ವಲ್ಪ ಗಾಬರಿಯಿಂದ, "ರೋಡ್ ಅಗಲ ಮಾಡ್ತಾರಂತಾ?" ಯಾವುದೂ ಇಲ್ಲ, ನನ್ನ ಖುಷಿಗೆ ತೆಗೀತೀನಿ ಅಂದರೆ ಒಂದು ಗಳಿಗೆ ನಂಬುವುದಿಲ್ಲ. ಆಮೇಲೆ "ಇದಕ್ಕೆ ಎಷ್ಟಾಯ್ತು?" ಅಂತಾರೆ. ಬೆಲೆ ಕೇಳೋದಕ್ಕೆ ನಮ್ಮಲ್ಲಿ ಯಾರೂ ಸಂಕೋಚ ಪಡಲ್ಲ, ಅಲ್ವಾ? ಬೆಲೆ ಆದ ಮೇಲೆ ಊರು. ಊರು ಹೇಳಿದರೆ ಅಲ್ಲಿ ಅವರ ಷಡ್ಕನೋ ದೊಡ್ಡಪ್ಪನ ಮಗನೋ ಇದ್ದೇ ಇರುತ್ತಾನೆ. ಅಲ್ಲಿಗೆ ಟೀ ಬರುತ್ತೆ.

ಮೊಬೈಲಿನಲ್ಲಿ ಇದು ಆಗಲ್ಲವಾ ಅಂದರೆ, ನನ್ನ ಮಟ್ಟಿಗೆ ಆಗಿಲ್ಲ. ಫೋಟೋ ಚೆನ್ನಾಗೇ ಬರುತ್ತೆ, ಅದರ ಬಗ್ಗೆ ತಕರಾರಿಲ್ಲ. ಆದರೆ ಮೊಬೈಲ್ ಹಿಡಿದು ನಿಂತವನು ಮ್ಯಾಪ್ ನೋಡ್ತಿದ್ದಾನೋ, ಮೆಸೇಜ್ ಓದ್ತಿದ್ದಾನೋ, ಸದ್ದಿಲ್ಲದೆ ನಮ್ಮ ವಿಡಿಯೋ ಮಾಡ್ತಿದ್ದಾನೋ ಗೊತ್ತಾಗಲ್ಲ. ಹಾಗಾಗಿ ಯಾರೂ ಕೇಳುವುದಿಲ್ಲ, ಒಳಗೊಳಗೇ ಅನುಮಾನ ಪಡುತ್ತಾರೆ. ಕ್ಯಾಮೆರಾದವನು ಯಾಕೆ ಬಂದಿದ್ದಾನೆ ಅನ್ನೋದು ದೂರದಿಂದಲೇ ಕಾಣುತ್ತೆ.

ಅದರಲ್ಲೂ ನನ್ನದು ಕಣ್ಣಿಗೆ ಹೊಡೆಯುವ ಕ್ಯಾಮೆರಾ. ಯಾಶಿಕಾ ಮ್ಯಾಟ್ 124ಜಿ. ಜಪಾನಿನಲ್ಲಿ 1970ರಿಂದ 1986ರವರೆಗೆ ತಯಾರಾಗುತ್ತಿದ್ದ ಮಾಡೆಲ್. ಮುಂದೆ ಒಂದರ ಮೇಲೊಂದು ಎರಡು ಲೆನ್ಸು, ಮೇಲಿನದು ನೋಡೋಕೆ, ಕೆಳಗಿನದು ಫಿಲ್ಮಿಗೆ. ಹೊಟ್ಟೆ ಹತ್ತಿರ ಹಿಡಿದು, ತಲೆ ತಗ್ಗಿಸಿ, ಮೇಲಿನಿಂದ ಗಾಜಿನೊಳಗೆ ನೋಡಬೇಕು. ಅಲ್ಲಿ ಎದುರಿನ ದೃಶ್ಯ ನೆಟ್ಟಗೇ ಕಾಣುತ್ತೆ, ಆದರೆ ಎಡ ಬಲ ಅದಲು ಬದಲು. ಮಾರ್ಕೆಟ್ಟಿನಲ್ಲಿ ಸೇವಂತಿಗೆ ಮಾರುವ ಅಜ್ಜಿಯೊಬ್ಬರು "ಅದೇನಪ್ಪಾ ಡಬ್ಬದೊಳಗೆ ಬಗ್ಗಿ ನೋಡ್ತೀಯ" ಅಂತ ಕೇಳಿದರು, ನೀವೇ ನೋಡಿ ಅಂತ ಮುಂದೆ ಹಿಡಿದೆ. ಎದುರು ಸಾಲಿನಲ್ಲಿ ಕನಕಾಂಬರ ಅಳೆಯುತ್ತಿದ್ದ ಹುಡುಗ ಎದ್ದು ಬಲಕ್ಕೆ ನಡೆದ, ಗಾಜಿನಲ್ಲಿ ಎಡಕ್ಕೆ ಹೋದ. ಅಜ್ಜಿ ತಲೆ ಎತ್ತಿ ಅವನನ್ನು ನೋಡಿದರು, ಮತ್ತೆ ಬಗ್ಗಿ ಗಾಜು ನೋಡಿದರು, ಆಮೇಲೆ ಸಾಲಿಗೆಲ್ಲ ಕೇಳೋ ಹಾಗೆ ನಕ್ಕು, "ಲೋ, ಇನ್ನೊಂದ್ಸಲ ನಡಿಯೋ" ಅಂದರು. ಅಕ್ಕಪಕ್ಕದ ಹೆಂಗಸರು ಒಬ್ಬೊಬ್ಬರಾಗಿ ಬಂದು ಬಗ್ಗಿದರು. ಆ ಹುಡುಗ ಅವತ್ತು ವ್ಯಾಪಾರ ಬಿಟ್ಟು ಎಷ್ಟು ಸಲ ಆ ಕಡೆ ಈ ಕಡೆ ನಡೆದನೋ. ನಾನು ಒಂದು ಫೋಟೋನೂ ತೆಗೆಯಲಿಲ್ಲ.

ಇದರ ಇನ್ನೊಂದು ಗುಣ, ಇದಕ್ಕೆ ಹಾಕುವ 120 ಅನ್ನೋ ಸೈಜಿನ ಫಿಲ್ಮಿನ ಒಂದು ರೋಲಿಗೆ ಬರೋದು 12 ಚಿತ್ರ. ಫಿಲ್ಮ್ ಈಗ ಸಿಗೋದೂ ಕಷ್ಟ, ರೇಟೂ ಜಾಸ್ತಿ. ಟಪಟಪ ಅಂತ ಒತ್ತಿಕೊಂಡು ಮುಂದೆ ಹೋಗೋ ಹಾಗಿಲ್ಲ. ನಿಲ್ಲಬೇಕು, ಬೆಳಕು ಅಳೆಯಬೇಕು, ಫೋಕಸ್ ತಿರುಗಿಸಬೇಕು. ಅಷ್ಟು ಹೊತ್ತು ಎದುರಿನವರೂ ನಿಂತಿರುತ್ತಾರಲ್ಲ, ಬಾಯಿ ಮುಚ್ಚಿಕೊಂಡು ಎಷ್ಟು ಹೊತ್ತು ಅಂತ ನಿಂತಾರು? ಕ್ಯಾಮೆರಾ ಹೊಟ್ಟೆ ಹತ್ತಿರ ಇರೋದರಿಂದ ನನ್ನ ಮುಖದ ಮುಂದೆ ಏನೂ ಅಡ್ಡ ಇರಲ್ಲ ಬೇರೆ.

ಅರವತ್ತು ದಾಟಿದವರಂತೂ ಹುಡುಕಿಕೊಂಡೇ ಬರುತ್ತಾರೆ. "ನಮ್ಮ ಮದುವೆಗೆ ಇಂಥದ್ರಲ್ಲೇ ತೆಗೆದಿದ್ದು" ಅಂತ ಶುರು ಮಾಡಿದರೆ ಸ್ಟುಡಿಯೋದ ಪರದೆ, ಕಪ್ಪು ಬಿಳುಪು ಆಲ್ಬಮ್ಮು, ಹಾಳೆ ಹಾಳೆ ನಡುವೆ ಬಟರ್ ಪೇಪರ್ರು, ಎಲ್ಲ ಬರುತ್ತೆ. ಹೀಗೇ ಒಬ್ಬರು ಗಾಂಧಿ ಬಜಾರಿನಲ್ಲಿ ನನ್ನನ್ನು ತಡೆದು, ಕೇಳದೇನೇ ಕ್ಯಾಮೆರಾ ಕೈಗೆ ತಗೊಂಡು, ಕ್ರ್ಯಾಂಕ್ ತಿರುಗಿಸಿ, ಕಿವಿ ಹತ್ತಿರ ಇಟ್ಟುಕೊಂಡು ಶಟರ್ ಸದ್ದು ಕೇಳಿದರು. "ಒಂದು ಸೆಕೆಂಡಿನ ಸ್ಪೀಡು ನಿಧಾನ ಆಗಿದೆ, ಎಣ್ಣೆ ಒಣಗಿದೆ" ಅಂದರು. ವಯಸ್ಸಿನಲ್ಲಿ ಸ್ಟುಡಿಯೋ ನಡೆಸಿದ್ದವರಂತೆ. ಅವರ ಡಾರ್ಕ್ ರೂಮಿನ ಟ್ರೇಗಳು ಈಗ ನಮ್ಮ ಮನೆಯ ಬಚ್ಚಲಿನಲ್ಲಿವೆ. ಅವರೂ ಭಾನುವಾರ ಬಂದು ಫೋಟೋ ತೊಳೆಯುವ ಹೈಪೋ ದ್ರಾವಣದ ಹದ ಸರಿ ಇಲ್ಲ ಅಂತ ಬೈದು ಕಾಫಿ ಕುಡಿದು ಹೋಗುತ್ತಾರೆ.

ಕ್ಯಾಮೆರಾದಿಂದ ಸ್ನೇಹ ಆಗೋದು ಬೆಂಗಳೂರಿಗೆ ಹೊಸದೇನಲ್ಲ. ಕಾಡು ಪ್ರಾಣಿಗಳ ಛಾಯಾಗ್ರಹಣದಲ್ಲಿ ಹೆಸರಾದ ಟಿ.ಎನ್.ಎ. ಪೆರುಮಾಳ್ ಕಲಿತದ್ದು ಹಿರಿಯ ಛಾಯಾಗ್ರಾಹಕ ಒ.ಸಿ. ಎಡ್ವರ್ಡ್ಸ್ ಅವರ ಜೊತೆ ಓಡಾಡಿ. 1971ರಲ್ಲಿ ಶುರುವಾದ ಯೂತ್ ಫೋಟೋಗ್ರಫಿಕ್ ಸೊಸೈಟಿ ಅನ್ನೋ ಛಾಯಾಗ್ರಾಹಕರ ಸಂಘ ಇವತ್ತಿಗೂ ಇದೆ. ಯೂಟ್ಯೂಬ್ ಇಲ್ಲದ ಕಾಲದಲ್ಲಿ ಇನ್ನೊಬ್ಬ ಕ್ಯಾಮೆರಾದವನ ಸ್ನೇಹ ಮಾಡದೆ ಏನೂ ಕಲಿಯೋಕಾಗುತ್ತಿರಲಿಲ್ಲ.

ಕೊಕ್ಕರೆ ಬೆಳ್ಳೂರಿಗೆ ಹೋದಾಗಿನ ಮಜಾ ಬೇರೆ. ಮದ್ದೂರು ತಾಲ್ಲೂಕಿನ ಊರು ಇದು. ಪ್ರತಿ ವರ್ಷ ಚಳಿಗಾಲ ಮುಗಿಯೋ ಹೊತ್ತಿಗೆ ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಸೆ, ಆಲದ ಮರಗಳಲ್ಲೇ ಗೂಡು ಕಟ್ಟಿ ಸಂಸಾರ ಮಾಡುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅನ್ನುತ್ತಾರೆ ಊರಿನವರು. 2007ರಿಂದ ಅದು ಸಮುದಾಯ ಮೀಸಲು ಪ್ರದೇಶವೂ ಹೌದು. ಎಲ್ಲರೂ ಮೊಳದುದ್ದದ ಲೆನ್ಸ್ ಇಟ್ಟುಕೊಂಡು ಮರದ ಕೆಳಗೆ ನಿಂತಿದ್ದರೆ ನಾನೊಬ್ಬ ಈ ಡಬ್ಬ ಹಿಡಿದು ನಿಂತಿದ್ದೆ. ಮನೆ ಮುಂದೆ ರಾಗಿ ಕೇರುತ್ತಿದ್ದ ಹೆಂಗಸೊಬ್ಬರು ಪಾಪ ಅನ್ನಿಸಿ, "ಇದ್ರಲ್ಲಿ ಹಕ್ಕಿ ಕಾಣ್ತದಾ? ಮೇಲಕ್ಕೆ ಹೋಗಿ, ನಮ್ಮ ತಾರಸಿ ಮೇಲಿಂದ ಹತ್ರ ಆಯ್ತದೆ" ಅಂದರು. ಹಕ್ಕಿ ಅದರಲ್ಲಿ ಮೂಡಿದ್ದು ಇಷ್ಟೇ ಇಷ್ಟು. ಆದರೆ ಗೂಡಿನಿಂದ ಬಿದ್ದ ಮರಿಗಳನ್ನು ಊರಿನ ಹುಡುಗರು ಮೀನು ತಿನ್ನಿಸಿ ಸಾಕುವ ಕತೆ, ಹಿಕ್ಕೆ ಗೊಬ್ಬರ ಮಾಡುವ ಕತೆ ಎಲ್ಲ ತಾರಸಿ ಮೇಲೆ ಕೇಳಿದ್ದು. ಅವರ ಫೋನಿನಲ್ಲಿ ನನ್ನ ನಂಬರ್ "ಡಬ್ಬ ಕ್ಯಾಮ್ರ" ಅಂತ ಇದೆ. ಹಬ್ಬಕ್ಕೆ ಫೋನ್ ಮಾಡುತ್ತಾರೆ.

ಹಾಗಂತ ಕ್ಯಾಮೆರಾ ಹಿಡಿದವರೆಲ್ಲರಿಗೂ ಹೀಗಾಗುತ್ತೆ ಅಂತಲ್ಲ. ರಸ್ತೆಯ ಆ ಬದಿಯಲ್ಲಿ ನಿಂತು ಉದ್ದ ಲೆನ್ಸಿನಲ್ಲಿ ಕೂಲಿಯವರ ಮುಖ ಎಳೆದುಕೊಂಡು ಹೋಗುವವರನ್ನು ಕಂಡರೆ ನನಗೆ ಆಗಲ್ಲ. ಕೇಳಿ ತೆಗೆಯಿರಿ. ಬೇಡ ಅಂದರೆ ಬಿಡಿ, ಬೇಡ ಅಂದವರ ಜೊತೆಗೂ ಟೀ ಕುಡಿಯಬಹುದು. ತೆಗೆದ ಮೇಲೆ ಪ್ರಿಂಟ್ ಹಾಕಿಸಿ ಕೊಂಡುಹೋಗಿ ಕೊಡಿ. ವಾಟ್ಸಾಪಿನಲ್ಲಿ ಕಳಿಸಿದ್ದು ಒಂದು ಥ್ಯಾಂಕ್ಸಿಗೆ ಮುಗಿಯುತ್ತೆ. ಪ್ರಿಂಟ್ ಕೊಟ್ಟರೆ ಅದು ಅಂಗಡಿಯ ದೇವರ ಫೋಟೋ ಪಕ್ಕ ಹೋಗುತ್ತೆ, ಮುಂದಿನ ಸಲ ನೀವು ಹೋಗುವಷ್ಟರಲ್ಲಿ ಇಡೀ ಸಾಲಿಗೆ ನಿಮ್ಮ ಗುರುತು ಇರುತ್ತೆ.

ಇಷ್ಟು ಹೇಳಿದ ಮೇಲೆ ಬರುವ ಪ್ರಶ್ನೆ, ಯಾವ ಕ್ಯಾಮೆರಾ ತಗೊಳ್ಳಲಿ? ಯಾವುದಾದರೂ ಆಗುತ್ತೆ, ಬ್ಯಾಗಿನಲ್ಲಿ ಇಡಬೇಡಿ ಅಷ್ಟೇ. ಮಾರ್ಕೆಟ್ಟಿಗೆ ಹೋಗೋದಾದರೆ ಬೆಳಗಿನ ಐದಕ್ಕೆ ಬೆಳಕಿನ ಆಸೆಗೆ ಹೋಗಬೇಡಿ, ಲೋಡು ಇಳಿಯುವ ಹೊತ್ತು, ಯಾರಿಗೂ ಪುರುಸೊತ್ತಿರಲ್ಲ. ಹತ್ತರ ಮೇಲೆ ಹೋಗಿ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನವಂತೂ ಆ ಕಡೆ ತಲೆ ಹಾಕಬೇಡಿ.