ನಕ್ಷೆಯಲ್ಲಿ ಕಂಡ ಗುಂಪನ್ನು ನಂಬುವ ಮುನ್ನ

ಅಕ್ಷಾಂಶ, ರೇಖಾಂಶಗಳಿರುವ ಒಂದು ಕೋಷ್ಟಕವನ್ನು ಕ್ಯೂಜಿಐಎಸ್‌ನಂತಹ ಉಚಿತ ನಕ್ಷಾ ತಂತ್ರಾಂಶದಲ್ಲಿ ತೆರೆದರೆ ಕೆಲವೇ ನಿಮಿಷಗಳಲ್ಲಿ, ಘಟನೆಗಳು ದಟ್ಟವಾಗಿರುವ ಜಾಗವನ್ನು ಕೆಂಪಾಗಿ ತೋರಿಸುವ ಹೀಟ್‌ಮ್ಯಾಪ್ ಸಿದ್ಧವಾಗುತ್ತದೆ. ಕೆಂಪಾಗಿ ಕಂಡ ಕಡೆ ಏನೋ ನಡೆಯುತ್ತಿದೆ ಎಂಬ ತೀರ್ಮಾನವೂ ಅಷ್ಟೇ ಬೇಗ ಹುಟ್ಟಿಕೊಳ್ಳುತ್ತದೆ. ಈ ಅವಸರ ನನಗೆ ಆತಂಕ ತರುತ್ತದೆ. ಕಂಡ ಗುಂಪು ಬರಿಯ ಆಕಸ್ಮಿಕದಿಂದಲೂ ಉಂಟಾಗಬಹುದಿತ್ತೇ ಎಂದು ಪರೀಕ್ಷಿಸುವುದೇ, ಸ್ಥಳಾಧಾರಿತ ದತ್ತಾಂಶವನ್ನು ವಿಶ್ಲೇಷಿಸುವ ಸ್ಪೇಷಿಯಲ್ ಅನಾಲಿಸಿಸ್‌ನ ಮೊದಲ ಕೆಲಸ ಎಂದು ನಾನು ನಂಬಿದ್ದೇನೆ.

ಇದಕ್ಕೆ ಬ್ರಿಟನ್ನಿನ ವಿಮಾಗಣಿತಜ್ಞ ಆರ್. ಡಿ. ಕ್ಲಾರ್ಕ್ 1946ರಲ್ಲಿ ಪ್ರಕಟಿಸಿದ ಪುಟ್ಟ ಲೇಖನಕ್ಕಿಂತ ಒಳ್ಳೆಯ ನಿದರ್ಶನ ನನಗೆ ಸಿಕ್ಕಿಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ವಿ-1 ಹಾರುಬಾಂಬುಗಳು ಲಂಡನ್ನಿನ ಕೆಲವು ಭಾಗಗಳಲ್ಲೇ ಗುಂಪಾಗಿ ಬೀಳುತ್ತಿವೆ ಎಂಬ ಮಾತು ಪ್ರಚಲಿತವಾಗಿತ್ತು. ಕ್ಲಾರ್ಕ್ ದಕ್ಷಿಣ ಲಂಡನ್ನಿನ 144 ಚದರ ಕಿಲೋಮೀಟರ್ ಪ್ರದೇಶವನ್ನು 576 ಸಮಾನ ಚೌಕಗಳಾಗಿ ವಿಂಗಡಿಸಿ, ಅಲ್ಲಿ ಬಿದ್ದ 537 ಬಾಂಬುಗಳನ್ನು ಚೌಕವಾರು ಎಣಿಸಿದರು. ಒಂದೂ ಬೀಳದ ಚೌಕಗಳು 229 ಇದ್ದವು. ಬಾಂಬುಗಳು ಗೊತ್ತುಗುರಿಯಿಲ್ಲದೆ ಬಿದ್ದಿದ್ದರೆ ಅಂಥ ಚೌಕಗಳು ಸುಮಾರು 227 ಇರಬೇಕೆಂದು, ಆಕಸ್ಮಿಕ ಘಟನೆಗಳ ಎಣಿಕೆಯನ್ನು ಅಂದಾಜಿಸುವ ಪಾಯ್ಸಾನ್ ಸೂತ್ರ ಹೇಳುತ್ತಿತ್ತು. ಒಂದೇ ಬಾಂಬು ಬಿದ್ದ ಚೌಕಗಳು 211, ಸೂತ್ರದ ಲೆಕ್ಕವೂ 211. ನಾಲ್ಕು ಬಿದ್ದವು 7, ಅಲ್ಲಿಯೂ ಲೆಕ್ಕ ಹೆಚ್ಚುಕಡಿಮೆ 7. ಜನ ಕಂಡ ಗುಂಪುಗಳು ಸುಳ್ಳಾಗಿರಲಿಲ್ಲ, ಆದರೆ ಅವುಗಳ ಹಿಂದೆ ಉದ್ದೇಶವನ್ನು ಹುಡುಕುವ ಅಗತ್ಯವಿರಲಿಲ್ಲ. ಯಾದೃಚ್ಛಿಕವಾಗಿ ಚೆಲ್ಲಿದ ಚುಕ್ಕೆಗಳು ಎಂದೂ ಸಮವಾಗಿ ಹರಡಿಕೊಳ್ಳುವುದಿಲ್ಲ.

ಜಿಲ್ಲಾವಾರು ದರಗಳಂತಹ ದತ್ತಾಂಶಕ್ಕೆ, ನೆರೆಹೊರೆಯ ಮೌಲ್ಯಗಳು ಎಷ್ಟು ಹೋಲುತ್ತವೆಂದು ಅಳೆಯುವ ಮೊರಾನ್ ಸೂಚ್ಯಂಕವನ್ನು ಬಳಸುವಾಗಲೂ ತರ್ಕ ಇದೇ: ಇರುವ ಮೌಲ್ಯಗಳನ್ನೇ ಜಿಲ್ಲೆಗಳ ನಡುವೆ 999 ಬಾರಿ ಕಲಸಿ ಹಂಚಿ, ನಿಜವಾದ ನಕ್ಷೆಯ ಸೂಚ್ಯಂಕ ಆ ಕಲಸಿದ ನಕ್ಷೆಗಳ ನಡುವೆ ಎಲ್ಲಿ ನಿಲ್ಲುತ್ತದೆಂದು ನೋಡುತ್ತೇವೆ. ಕಚ್ಚಾ ಸಂಖ್ಯೆಗಳ ಬದಲು ದರಗಳನ್ನು ತೆಗೆದುಕೊಳ್ಳಬೇಕೆಂಬುದನ್ನು ಮರೆಯಬಾರದು, ಇಲ್ಲದಿದ್ದರೆ ನಕ್ಷೆ ಜನರು ಎಲ್ಲಿ ವಾಸಿಸುತ್ತಾರೆ ಎಂಬುದನ್ನಷ್ಟೇ ತೋರಿಸುತ್ತದೆ. ಗಡಿಗಳನ್ನು ಬದಲಿಸಿದರೆ ಫಲಿತಾಂಶವೂ ಬದಲಾಗಬಹುದು. ಸಣ್ಣ ಘಟಕಗಳನ್ನು ಕೂಡಿಸಿ ದೊಡ್ಡದು ಮಾಡಿದಂತೆ ಸಹಸಂಬಂಧ (ಎರಡು ಅಳತೆಗಳು ಒಟ್ಟಿಗೆ ಏರಿಳಿಯುವ ಪ್ರಮಾಣ) ಬಲವಾಗಿ ಕಾಣುವುದನ್ನು ಸಂಶೋಧಕರಾದ ಗೆಲ್ಕೆ ಮತ್ತು ಬೀಲ್ 1934ರಲ್ಲೇ ತೋರಿಸಿದ್ದರು. ಹಾಗಾಗಿ ಒಂದೇ ಅಳತೆಯ ಘಟಕದಲ್ಲಿ ಮಾತ್ರ ಕಾಣಿಸಿಕೊಳ್ಳುವ ಗುಂಪನ್ನು ನಾನು ಸುಲಭವಾಗಿ ಒಪ್ಪುವುದಿಲ್ಲ.

ಆಕಸ್ಮಿಕವಲ್ಲವೆಂದು ತಿಳಿದ ಮೇಲೂ ಕಾರಣ ತಾನಾಗಿ ಹೊರಬೀಳುವುದಿಲ್ಲ. ಲಂಡನ್ನಿನಲ್ಲಿ 1854ರ ಕಾಲರಾ ಸಾವುಗಳನ್ನು ವೈದ್ಯ ಜಾನ್ ಸ್ನೋ ಗುರುತಿಸಿದ ನಕ್ಷೆಯಲ್ಲಿ ಬ್ರಾಡ್ ಸ್ಟ್ರೀಟ್ ಪಂಪಿನ ಸುತ್ತ ಸಾವುಗಳು ದಟ್ಟವಾಗಿದ್ದುದು ಎಲ್ಲರಿಗೂ ನೆನಪಿದೆ. ಕಾಲರಾ ನೀರಿನಿಂದ ಹರಡುತ್ತದೆ ಎಂಬ ಅವರ ವಾದಕ್ಕೆ ಬಲ ಕೊಟ್ಟದ್ದು ಆ ವಿನ್ಯಾಸಕ್ಕೆ ಹೊಂದದ ಮನೆಗಳು ಎಂಬುದು ನನ್ನ ಅಭಿಪ್ರಾಯ. ಸನಿಹದಲ್ಲೇ ಇದ್ದ, ಐನೂರಕ್ಕೂ ಹೆಚ್ಚು ಮಂದಿ ವಾಸವಿದ್ದ ಬಡವರ ಆಶ್ರಯಗೃಹದಲ್ಲಿ ಸತ್ತವರು ಐವರು ಮಾತ್ರ. ಅದಕ್ಕೆ ಸ್ವಂತ ಬಾವಿಯಿತ್ತು. ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ತೀರಿಕೊಂಡ ಮಹಿಳೆಯೊಬ್ಬರು ಬ್ರಾಡ್ ಸ್ಟ್ರೀಟ್ ನೀರಿನ ರುಚಿಗೆ ಒಗ್ಗಿ, ಅದನ್ನು ಗಾಡಿಯಲ್ಲಿ ತರಿಸಿಕೊಂಡು ಕುಡಿಯುತ್ತಿದ್ದರು. ನೇರ ಅಂತರವನ್ನಷ್ಟೇ ಅಳೆಯುವ ತಂತ್ರಾಂಶ ಈ ಸಾವನ್ನು ಸಂಬಂಧವಿಲ್ಲದ್ದೆಂದು ಬದಿಗಿಡುತ್ತಿತ್ತು. ಸ್ನೋ ಆ ಮನೆಯವರನ್ನು ವಿಚಾರಿಸಿದರು.