ನೆಗಡಿ ಹಿಡಿದ ದನಿ

ಜನವರಿಯ ಒಂದು ಬೆಳಗ್ಗೆ, ಆರು ಗಂಟೆ ಇರಬೇಕು. ದೇವನಹಳ್ಳಿಯ ಟವರಿನಿಂದ ಕೆಳಗೆ ನೋಡಿದರೆ ನೆಲವೇ ಇಲ್ಲ. ದೀಪದ ಕಂಬಗಳ ತಲೆ ಮಾತ್ರ ಮಂಜಿನ ಮೇಲೆ ತೇಲುತ್ತಿದ್ದವು.

ನನ್ನದು ಗ್ರೌಂಡ್ ಕಂಟ್ರೋಲ್. ಏರ್ ಟ್ರಾಫಿಕ್ ಅಂದ್ರೆ ಆಕಾಶ ನೋಡೋ ಕೆಲಸ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ನಾನು ನೋಡೋದು ನೆಲ. ಸ್ಟ್ಯಾಂಡಿನಿಂದ ವಿಮಾನವನ್ನು ಟಗ್ ಅನ್ನೋ ಗಾಡಿ ಹಿಂದಕ್ಕೆ ತಳ್ಳಬೇಕು, ತಳ್ಳೋಕೆ ನಾನು ಹೂಂ ಅನ್ನಬೇಕು. ಆಮೇಲೆ ಯಾವ ಟ್ಯಾಕ್ಸಿವೇ (ಸ್ಟ್ಯಾಂಡ್, ರನ್‌ವೇ ನಡುವಿನ ದಾರಿ), ಯಾರ ಹಿಂದೆ, ಎಲ್ಲಿ ನಿಲ್ಲಬೇಕು, ಎಲ್ಲ ನಾನೇ ಹೇಳಬೇಕು. ರನ್‌ವೇ ಮಾತ್ರ ನನ್ನದಲ್ಲ. ಅದು ಪಕ್ಕದಲ್ಲಿ ಕೂತ ಟವರ್ ಕಂಟ್ರೋಲರ್‌ದು. ಸುಮ್ನೆ ದಾಟಿಸೋಕೂ ಅವರನ್ನು ಕೇಳಲೇಬೇಕು.

ಅವತ್ತು ಒಂದೇ ಕಂಪನಿಯ ಎರಡು ವಿಮಾನ ನನ್ನ ಫ್ರೀಕ್ವೆನ್ಸಿಯಲ್ಲಿದ್ದವು. ಒಂದು ಸಿಕ್ಸ್ ಒನ್ ಫೋರ್, ಇನ್ನೊಂದು ಸಿಕ್ಸ್ ಫೋರ್ ಒನ್. ನಂಬರ್ ಹೀಗೆ ಹೋಲುವಾಗ ಇಬ್ಬರಿಗೂ ಮೊದಲೇ ಎಚ್ಚರಿಸಬೇಕು. ನಾನು ಎಚ್ಚರಿಸಿರಲಿಲ್ಲ. ಕೆಲಸ ಜಾಸ್ತಿ ಇತ್ತು ಅನ್ನೋದು ನೆಪ ಅಷ್ಟೇ.

ಒನ್ ಫೋರ್‌ಗೆ ಮುಂದೆ ಹೋಗಲು ಹೇಳಿದೆ. ನಾನು ಹೇಳಿದ್ದನ್ನು ಪೈಲಟ್ ತಿರುಗಿ ಹೇಳಬೇಕು, ಅದೇ ರೀಡ್‌ಬ್ಯಾಕ್. ತಿರುಗಿ ಹೇಳಿದ ಮಾತು ಅಕ್ಷರಕ್ಷರ ಸರಿಯಿತ್ತು. ಆದರೆ ದನಿ ಬೇರೆ! ಒನ್ ಫೋರ್ ಪೈಲಟ್‌ಗೆ ಜೋರು ನೆಗಡಿ, ಮೊದಲ ಸಲ ಮಾತಾಡಿದಾಗಲೇ ಗೊತ್ತಾಗಿತ್ತು. ಈ ದನಿಯಲ್ಲಿ ನೆಗಡಿ ಇರಲಿಲ್ಲ. ಕೊನೆಯಲ್ಲಿ ನಂಬರನ್ನೂ ನುಂಗಿಬಿಟ್ಟಿದ್ದರು.

ನೆಲದ ರಾಡಾರ್ ನೋಡಿದೆ. ಫೋರ್ ಒನ್ ಚುಕ್ಕೆ ಕದಲಿತು. ಅದೇ ತಿರುವಿಗೆ, ಆಗ ತಾನೇ ಇಳಿದ ಇನ್ನೊಂದು ವಿಮಾನ ಬರುತ್ತಿತ್ತು.

‘ಸಿಕ್ಸ್ ಫೋರ್ ಒನ್, ಹೋಲ್ಡ್ ಪೊಸಿಷನ್!’

ಚುಕ್ಕೆ ನಿಂತಿತು. ನನ್ನ ಅಂಗೈ ಒದ್ದೆಯಾಗಿತ್ತು.

ಪ್ರಯಾಗ್‌ರಾಜ್‌ನ ಟ್ರೇನಿಂಗ್ ನೆನಪಾಯಿತು. 1977ರ ಮಾರ್ಚ್ 27ರಂದು ಸ್ಪೇನ್‌ನ ಟೆನೆರೀಫ್ ದ್ವೀಪದಲ್ಲಿ, ಇಂಥದೇ ಮಂಜಿನಲ್ಲಿ, ಎರಡು ಜಂಬೋ ಜೆಟ್‌ಗಳು ಒಂದೇ ರನ್‌ವೇ ಮೇಲೆ ಡಿಕ್ಕಿ ಹೊಡೆದು 583 ಜನ ಸತ್ತರು. ಟೇಕಾಫ್‌ಗೆ ಅನುಮತಿ ಸಿಗುವ ಮುಂಚೆಯೇ ಒಂದು ವಿಮಾನ ಓಡತೊಡಗಿತ್ತು. ಅದಕ್ಕೇ ಇವತ್ತಿಗೂ ಗ್ರೌಂಡ್‌ನಲ್ಲಿ ಕೂತವರು ‘ಟೇಕಾಫ್’ ಅನ್ನೋ ಪದ ಬಾಯಿಗೆ ತರೋದಿಲ್ಲ, ‘ಡಿಪಾರ್ಚರ್’ ಅನ್ನುತ್ತಾರೆ. ಟೇಕಾಫ್ ಅನ್ನೋದು ಟವರ್‌ನವರ ಬಾಯಲ್ಲಿ ಬರಬೇಕು, ಅದೂ ಅನುಮತಿ ಕೊಡುವಾಗ ಅಥವಾ ವಾಪಸ್ ತೆಗೆದುಕೊಳ್ಳುವಾಗ ಮಾತ್ರ.

ಇಬ್ಬರಿಗೂ ನಂಬರ್ ಹೋಲುವ ವಿಷಯ ಹೇಳಿದೆ, ತಡವಾಗಿ. ಆಮೇಲೆ ಒನ್ ಫೋರ್‌ನ್ನು ಮತ್ತೆ ಕರೆದೆ. ಒಂದು ದೊಡ್ಡ ಸೀನು ಕೇಳಿಸಿತು. ಅದರ ಹಿಂದೆಯೇ ರೀಡ್‌ಬ್ಯಾಕ್, ನಂಬರ್ ಸಮೇತ.