ಖಜಾನೆ ಖಾಲಿ ಅಂದಮೇಲೆ ಮೇಷ್ಟ್ರುಗಳು ಚೌಕಾಸಿ ಮಾಡೋದೇನಿದೆ?

ಊರಿಗೆ ಹೋದಾಗಲೆಲ್ಲ ಒಬ್ಬರಲ್ಲ ಒಬ್ಬರು ಈ ಪ್ರಶ್ನೆ ಕೇಳುತ್ತಾರೆ. ಇಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರಾಜಧಾನಿ ಮ್ಯಾಡಿಸನ್‌ನಲ್ಲಿ ಯುಗಾದಿ ಊಟಕ್ಕೆ ಸೇರಿದಾಗ ಸಾಫ್ಟ್‌ವೇರ್ ಗೆಳೆಯರೂ ಕೇಳುತ್ತಾರೆ, ಸ್ವಲ್ಪ ವ್ಯಂಗ್ಯ ಬೆರೆಸಿ: "ಅಲ್ಲ ಮಾರಾಯ, ಸರ್ಕಾರದ ಹತ್ತಿರ ದುಡ್ಡೇ ಇಲ್ಲ ಅಂದಮೇಲೆ ಟೀಚರ್ ಯೂನಿಯನ್ ಕೂತು ಚೌಕಾಸಿ ಮಾಡೋದಕ್ಕೆ ಏನಿರುತ್ತೆ?" ಎಲ್ಲರ ತಲೆಯಲ್ಲೂ ಇರುವುದು 2011ರ ವಿಸ್ಕಾನ್ಸಿನ್. ಸರ್ಕಾರಿ ನೌಕರರ ಸಂಘಗಳ ಹಕ್ಕು ಕಿತ್ತುಕೊಳ್ಳುವ ಮಸೂದೆಯ ವಿರುದ್ಧ ರಾಜ್ಯದ ಕ್ಯಾಪಿಟಲ್ ಕಟ್ಟಡದ ಅಮೃತಶಿಲೆಯ ನೆಲದ ಮೇಲೆ ಜನ ರಾತ್ರಿಗಟ್ಟಲೆ ಮಲಗಿದ ಆ ಫೆಬ್ರವರಿ. ನಾನಾಗ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಟಿ.ಎ., ಅಂದರೆ ಓದುತ್ತಲೇ ಪಾಠಕ್ಕೆ ನೆರವಾಗುವ ಟೀಚಿಂಗ್ ಅಸಿಸ್ಟೆಂಟ್, ಆಗಿದ್ದೆ, ಹಾಗಾಗಿ ಉತ್ತರ ನನ್ನ ಪಾಲಿಗೆ ಬರುತ್ತದೆ.

ಸಣ್ಣ ಉತ್ತರ ಇದು. ಕೈಯಲ್ಲಿ ದುಡ್ಡಿದ್ದಾಗ ಹಂಚುವುದಕ್ಕೆ ಚೌಕಾಸಿಯ ಮೇಜು ಇಲ್ಲದಿದ್ದರೂ ಹೇಗೋ ನಡೆಯುತ್ತದೆ. ಕಡಿತ ಮಾಡುವಾಗ ಯಾರ ತಟ್ಟೆಯಿಂದ ಎಷ್ಟು ತೆಗೆಯಬೇಕು ಎಂದು ಕೂತು ಮಾತಾಡಲೇಬೇಕು. ಮತ್ತೆ ವಿಸ್ಕಾನ್ಸಿನ್‌ನ ಜಗಳ ದುಡ್ಡಿನ ಜಗಳವಾಗಿದ್ದದ್ದು ಬರೀ ಒಂದು ವಾರ.

ಇನ್ನು ಉದ್ದದ ಉತ್ತರ. ಸ್ಕಾಟ್ ವಾಕರ್ 2011ರ ಜನವರಿಯಲ್ಲಿ ಗವರ್ನರ್ ಆದರು. ಗವರ್ನರ್ ಅಂದರೆ ಇಲ್ಲಿ ನಮ್ಮ ರಾಜ್ಯಪಾಲರಂತಲ್ಲ, ಮುಖ್ಯಮಂತ್ರಿಯಂಥ ಹುದ್ದೆ. ಆ ಆರ್ಥಿಕ ವರ್ಷದ ಕೊರತೆ 13.7 ಕೋಟಿ ಡಾಲರ್, ಮುಂದಿನ ಎರಡು ವರ್ಷದ ಬಜೆಟ್‌ಗೆ ಅಂದಾಜಿಸಿದ್ದ ಕೊರತೆ 360 ಕೋಟಿ ಡಾಲರ್. ಫೆಬ್ರವರಿ 11ರಂದು ಅವರು 'ಬಜೆಟ್ ರಿಪೇರಿ' ಮಸೂದೆಯನ್ನು ಮುಂದಿಟ್ಟರು. ಸರ್ಕಾರಿ ನೌಕರರು ತಮ್ಮ ಪಿಂಚಣಿಗೆ ಸಂಬಳದ 5.8% ಕೊಡಬೇಕು, ರಾಜ್ಯದ ನೌಕರರಾದರೆ ಆರೋಗ್ಯ ವಿಮೆಯ ಕಂತಿನಲ್ಲಿ 12.6% ಭರಿಸಬೇಕು. ಇಲ್ಲಿಯವರೆಗೆ ಇದು ಬಜೆಟ್. ಮುಂದಿನ ಪುಟಗಳು ಬೇರೆಯೇ ಇದ್ದವು. ಮೂಲ ವೇತನ ಬಿಟ್ಟು ಬೇರೆ ಯಾವುದರ ಬಗ್ಗೆಯೂ ಯೂನಿಯನ್ ಜೊತೆ ಮಾತುಕತೆ ಮಾಡುವಂತಿಲ್ಲ. ಮಾತಾಡಿದರೂ ಹಣದುಬ್ಬರದ ದರ ಮೀರುವಂತಿಲ್ಲ. ಮೀರಬೇಕಾದರೆ ಊರಿನವರ ಮುಂದೆ ಜನಮತಕ್ಕೆ ಹೋಗಬೇಕು. ಒಪ್ಪಂದ ಒಂದೇ ವರ್ಷದ್ದು. ಸಂಘದ ಚಂದಾವನ್ನು ಸಂಬಳದಲ್ಲಿ ಹಿಡಿಯುವಂತಿಲ್ಲ. ಪ್ರತಿ ವರ್ಷವೂ ಸಂಘ ಚುನಾವಣೆಗೆ ನಿಂತು, ಆ ಘಟಕದ ಒಟ್ಟು ನೌಕರರಲ್ಲಿ 51% ಜನರ ಮತ ಪಡೆಯಬೇಕು. ಪೊಲೀಸರಿಗೆ, ಅಗ್ನಿಶಾಮಕದವರಿಗೆ ಮಾತ್ರ ಇದ್ಯಾವುದೂ ಅನ್ವಯಿಸುವುದಿಲ್ಲ.

ಸರ್ಕಾರಿ ನೌಕರರಿಗೆ ಸಾಮೂಹಿಕ ಚೌಕಾಸಿಯ, ಅಂದರೆ ಸಂಘದ ಮೂಲಕ ಒಟ್ಟಾಗಿ ಸಂಬಳ-ಸವಲತ್ತು ಕುದುರಿಸುವ, ಹಕ್ಕನ್ನು ಕಾನೂನಿನಲ್ಲಿ ಬರೆದ ಮೊದಲ ಅಮೆರಿಕನ್ ರಾಜ್ಯ ಇದೇ ವಿಸ್ಕಾನ್ಸಿನ್, 1959ರಲ್ಲಿ. ಹಾಗಾಗಿ ಪೆಟ್ಟು ಬಿದ್ದದ್ದು ತವರುಮನೆಯಲ್ಲೇ.

ಮೊದಲು ಬೀದಿಗಿಳಿದವರು ಟಿ.ಎ.ಗಳು. ನಮ್ಮ ಟೀಚಿಂಗ್ ಅಸಿಸ್ಟೆಂಟ್ಸ್ ಅಸೋಸಿಯೇಷನ್ 1966ರದ್ದು, ದೇಶದಲ್ಲೇ ಅತಿ ಹಳೆಯ ಪದವೀಧರ ವಿದ್ಯಾರ್ಥಿ-ನೌಕರರ ಸಂಘ. ಭಾರತದಿಂದ ಬಂದು ಎಂಎಸ್, ಪಿಎಚ್‌ಡಿ ಮಾಡುತ್ತ ಟಿ.ಎ. ಆದ ಎಷ್ಟೋ ಜನ, ಅವರಲ್ಲಿ ಕನ್ನಡಿಗರೂ ಇದ್ದಾರೆ, ಈ ಸಂಘ ಕುದುರಿಸಿದ ಆರೋಗ್ಯ ವಿಮೆಯಲ್ಲೇ ಹಲ್ಲು ಕೀಳಿಸಿಕೊಂಡಿದ್ದೇವೆ, ಹೆರಿಗೆ ಮಾಡಿಸಿಕೊಂಡಿದ್ದೇವೆ. ಸಂಘದ ಹೆಸರು ಕೂಡ ಗೊತ್ತಿಲ್ಲದೆ. ಫೆಬ್ರವರಿ 14ರಂದು ಗವರ್ನರ್‌ಗೆ ವ್ಯಾಲೆಂಟೈನ್ ಕಾರ್ಡುಗಳ ಗಂಟು ಹೊತ್ತುಕೊಂಡು ಮೆರವಣಿಗೆ ಹೋಯಿತು. ಆ ವಾರವೇ ಶಿಕ್ಷಕರು ರಜೆ ಹಾಕಿ ಬಂದರು. ಮುಷ್ಕರ ಕಾನೂನುಬಾಹಿರ, ಆದ್ದರಿಂದ 'ಹುಷಾರಿಲ್ಲ' ಎಂಬ ರಜೆ. ಮ್ಯಾಡಿಸನ್‌ನ ಶಾಲೆಗಳು ಕೆಲವು ದಿನ ಬಾಗಿಲು ಹಾಕಿದವು.

ನನ್ನ ಸಾಫ್ಟ್‌ವೇರ್ ಗೆಳೆಯರು ಮರೆಯುವ ಸಂಗತಿ ಇಲ್ಲಿದೆ. ಮಸೂದೆ ಹೊರಬಂದ ಒಂದು ವಾರದೊಳಗೆ ರಾಜ್ಯದ ಶಿಕ್ಷಕರ ಸಂಘದ ನಾಯಕರೂ ನೌಕರರ ಸಂಘದ ನಾಯಕರೂ ಬಹಿರಂಗವಾಗಿ ಹೇಳಿದರು: ಪಿಂಚಣಿಯ ಪಾಲು ಕೊಡುತ್ತೇವೆ, ವಿಮೆಯ ಪಾಲೂ ಕೊಡುತ್ತೇವೆ, ಮಾತುಕತೆಯ ಹಕ್ಕು ಉಳಿಸಿ. ವಾಕರ್ ಒಪ್ಪಲಿಲ್ಲ. ಅವರ ವಾದವನ್ನೂ ಹೇಳಬೇಕು. ರಾಜ್ಯದಲ್ಲಿ 400ಕ್ಕೂ ಹೆಚ್ಚು ಸ್ಕೂಲ್ ಡಿಸ್ಟ್ರಿಕ್ಟ್‌ಗಳಿವೆ. ಒಂದು ಪಟ್ಟಣವೋ ನಾಲ್ಕೈದು ಹಳ್ಳಿಗಳೋ ಸೇರಿದ ಘಟಕ, ಅದಕ್ಕೊಂದು ಚುನಾಯಿತ ಮಂಡಳಿ. ರಾಜಧಾನಿಯ ನಾಯಕರು ಒಪ್ಪಿದ ಮಾತ್ರಕ್ಕೆ ಅಲ್ಲಿನ ಸ್ಥಳೀಯ ಸಂಘಗಳು ಒಪ್ಪಬೇಕೆಂದೇನಿಲ್ಲ, ಮಂಡಳಿಗಳ ಕೈಕಟ್ಟು ಬಿಚ್ಚಿಕೊಡಬೇಕು ಎಂಬುದು ಅವರ ಪಟ್ಟು. ತಳ್ಳಿಹಾಕುವ ವಾದವಲ್ಲ. ಆದರೆ ಅದೇ ಚಿಂತೆಯಾಗಿದ್ದರೆ 5.8% ಅನ್ನು ಕಾನೂನಿನಲ್ಲೇ ಬರೆದು ನಿಲ್ಲಿಸಬಹುದಿತ್ತು. ವರ್ಷಕ್ಕೊಂದು ಚುನಾವಣೆಯಿಂದ ಖಜಾನೆಗೆ ಒಂದು ಡಾಲರೂ ಬರುವುದಿಲ್ಲ.

ಆಮೇಲಿನ ನಾಟಕ ನಮ್ಮವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಹಣಕಾಸಿನ ಮಸೂದೆಗೆ 33 ಸದಸ್ಯರ ಮೇಲ್ಮನೆ ಸೆನೆಟ್‌ನಲ್ಲಿ 20 ಜನರ ಕೋರಂ ಬೇಕು, ವಾಕರ್ ಪಕ್ಷದ ರಿಪಬ್ಲಿಕನ್ನರು 19. ಡೆಮಾಕ್ರಟಿಕ್ ಪಕ್ಷದ 14 ಸೆನೆಟರ್‌ಗಳು ಫೆಬ್ರವರಿ 17ರಂದು ಗಡಿ ದಾಟಿ ಇಲಿನಾಯ್‌ಗೆ ಹೋಗಿ ಮೊದಲು ಇಳಿದದ್ದು ಎಲ್ಲಿ ಗೊತ್ತೇ? ರಾಕ್‌ಫರ್ಡ್‌ನ ಒಂದು ರೆಸಾರ್ಟ್‌ನಲ್ಲಿ! ಮೂರು ವಾರ ಕಾದು, ಮಾರ್ಚ್ 9ರಂದು ಆಡಳಿತ ಪಕ್ಷ ಮಸೂದೆಯಿಂದ ಹಣ ಮಂಜೂರಾತಿಯ, ಸಾಲದ ಕಲಮುಗಳನ್ನು ತೆಗೆದು, ಕೋರಂ ಗೊಡವೆಯಿಲ್ಲದೆ 18-1ರಲ್ಲಿ ಪಾಸು ಮಾಡಿತು. ಪಿಂಚಣಿ ಕಡಿತ ಅದರಲ್ಲಿ ಉಳಿದಿತ್ತು, ನಿಜ. ಆದರೂ ಬಜೆಟ್ ರಿಪೇರಿಗೆಂದು ಬಂದ ಮಸೂದೆಯನ್ನು 'ಇದು ಹಣಕಾಸಿನದ್ದಲ್ಲ' ಎಂದು ಹೇಳಿ ದಾಟಿಸಿದರಲ್ಲ, ಚೌಕಾಸಿಯ ಹಕ್ಕಿಗೂ ಕೊರತೆಗೂ ಎಷ್ಟು ನಂಟು ಎಂಬುದಕ್ಕೆ ನನಗೆ ಅದಕ್ಕಿಂತ ಸಾಕ್ಷಿ ಬೇಡ. ಮಾರ್ಚ್ 11ಕ್ಕೆ ಸಹಿ ಬಿತ್ತು. ಕಾನೂನಿನ ಹೆಸರು ಆಕ್ಟ್ 10.

"ಸರಿ, ಆದರೆ ಸಂಘದವರು ಅಷ್ಟು ವರ್ಷ ಪಿಂಚಣಿಗೆ ಪೈಸೆ ಕೊಡದೆ ಮಜಾ ಮಾಡಿದ್ದು ಸುಳ್ಳಾ?" ಇದು ಎರಡನೇ ಪ್ರಶ್ನೆ, ಯಾವಾಗಲೂ ಮೊದಲನೆಯದರ ಬೆನ್ನಿಗೇ ಬರುತ್ತದೆ. ಸುಳ್ಳಲ್ಲ. ಅದು ಹೇಗಾಯಿತು ಎನ್ನುವುದು ಮುಖ್ಯ. 1993ರಿಂದ 2009ರವರೆಗೆ ಇಲ್ಲಿ ಇನ್ನೊಂದು ಕಟ್ಟಳೆ ಇತ್ತು. ಸಂಬಳ, ಸವಲತ್ತು ಎಲ್ಲ ಸೇರಿ 3.8% ಏರಿಸುತ್ತೇವೆ ಎಂದು ಮಂಡಳಿ ಹೇಳಿದರೆ ಸಾಕು, ಹಣದ ವಿಷಯದಲ್ಲಿ ಸಂಘ ಮಧ್ಯಸ್ಥರ ಪಂಚಾಯ್ತಿಗೆ ಹೋಗುವಂತಿರಲಿಲ್ಲ. ವಿಮೆಯ ಕಂತು ವರ್ಷ ವರ್ಷ ಜಿಗಿಯುತ್ತಿದ್ದ ಕಾಲ ಅದು. ಆ 3.8%ರ ಬಹುಪಾಲನ್ನು ವಿಮೆಯೇ ನುಂಗುತ್ತಿತ್ತು. ಸಂಘಗಳು ಸಂಬಳ ಬಿಟ್ಟು ಸವಲತ್ತು ಹಿಡಿದುಕೊಂಡವು. 2011ರಲ್ಲಿ ದಪ್ಪಗೆ ಕಂಡ ಸವಲತ್ತು ಹಿಂದೆ ಬಿಟ್ಟುಕೊಟ್ಟ ಸಂಬಳವೂ ಹೌದು.

ಹಾಗೆಂದು ಸಂಘಗಳ ವಕಾಲತ್ತು ಹಿಡಿದು ಪೂರ್ತಿ ವಾದ ಮಾಡಲಾರೆ. ಶಿಕ್ಷಕರ ಸಂಘವೇ ಹುಟ್ಟುಹಾಕಿದ ವಿಮಾ ಸಂಸ್ಥೆಯೊಂದಿತ್ತು, ಡಬ್ಲ್ಯೂಇಎ ಟ್ರಸ್ಟ್. ಮೇಜಿನಲ್ಲಿ ಕೂತು 'ನಮ್ಮ ವಿಮೆಯನ್ನೇ ಕೊಳ್ಳಿ' ಎಂದು ಕೇಳುವುದು, ಹೇಗೆ ನೋಡಿದರೂ, ಚೆನ್ನಾಗಿ ಕಾಣುವುದಿಲ್ಲ. ಆಕ್ಟ್ 10 ಬಂದಮೇಲೆ ಮಂಡಳಿಗಳು ಬೇರೆ ಕಂಪನಿಗಳ ದರ ಕೇಳಿ ದುಡ್ಡು ಉಳಿಸಿದ್ದು ಹೌದು. ಮಿಲ್ವಾಕೀಯಲ್ಲಿ 2013ರವರೆಗಿನ ಒಪ್ಪಂದ ಕೈಯಲ್ಲಿತ್ತು, ಪಿಂಚಣಿಗೆ 5.8% ಕೊಡಿ, ಕೆಲಸ ಉಳಿಯುತ್ತದೆ ಎಂದು ಅಲ್ಲಿನ ಶಾಲೆಗಳ ಮುಖ್ಯಾಧಿಕಾರಿ, ಸೂಪರಿಂಟೆಂಡೆಂಟ್, ಕೇಳಿದಾಗ ಸಂಘ ಒಪ್ಪಲಿಲ್ಲ, ಹಿಂದೆಯೇ ಸಾಕಷ್ಟು ಬಿಟ್ಟಿದ್ದೇವೆ ಎಂದಿತು. ನೂರಾರು ಶಿಕ್ಷಕರಿಗೆ ಲೇಆಫ್ ನೋಟಿಸ್ ಹೋಯಿತು, ಇತ್ತೀಚೆಗೆ ಸೇರಿದವರಿಗೆ ಮೊದಲು. ಮೇಜಿದ್ದೂ ಮಾತಾಡದ ಉದಾಹರಣೆ ಅದು. ಇನ್ನು ಜೇನ್ಸ್‌ವಿಲ್‌ನಂಥ ಊರು. 2008ರ ಕ್ರಿಸ್‌ಮಸ್‌ಗೆ ಎರಡು ದಿನ ಮುಂಚೆ ಅಲ್ಲಿನ ಜನರಲ್ ಮೋಟರ್ಸ್ ಕಾರ್ಖಾನೆಯಲ್ಲಿ ಕಾರು ತಯಾರಿಕೆ ನಿಂತಿತು. ಕೆಲಸವೂ ವಿಮೆಯೂ ಹೋದ ಮನೆಯವರಿಗೆ ಪಕ್ಕದ ಮನೆಯ ಟೀಚರ್ ಪಿಂಚಣಿ ಕಣ್ಣು ಚುಚ್ಚಿದರೆ ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. 2012ರ ಜೂನ್‌ನಲ್ಲಿ ವಾಕರ್ ಅವರನ್ನು ಅರ್ಧದಲ್ಲೇ ಇಳಿಸಲು ನಡೆದ ರೀಕಾಲ್ ಚುನಾವಣೆಯಲ್ಲಿ ಅವರು 53% ಮತ ಪಡೆದು ಗೆದ್ದದ್ದಕ್ಕೆ ಈ ಹೊಟ್ಟೆಯುರಿಯ ಪಾಲೂ ಇದೆ.

ದುಡ್ಡು ಉಳಿಯಿತೇ? ಉಳಿಯಿತು. ಕೌಕೌನಾ ಎಂಬ ಊರಿನ ಮಂಡಳಿ ಕೊರತೆಯಿಂದ ಉಳಿತಾಯಕ್ಕೆ ಬಂದದ್ದನ್ನು ವಾಕರ್ ಕಡೆಯವರು ದೇಶವೆಲ್ಲ ಸಾರಿದರು. ಆದರೆ ಅದೇ ವರ್ಷದ ಬಜೆಟ್ ಶಾಲೆಗಳಿಗೆ ಕೊಡುವ ನೆರವಿನಲ್ಲಿ ಎರಡು ವರ್ಷಕ್ಕೆ ಸುಮಾರು 80 ಕೋಟಿ ಡಾಲರ್ ಕಡಿದಿತ್ತು. ಸಾಲದ್ದಕ್ಕೆ, ಪ್ರತಿ ವಿದ್ಯಾರ್ಥಿಯ ಲೆಕ್ಕದಲ್ಲಿ ಮಂಡಳಿ ಸಂಗ್ರಹಿಸಬಹುದಾದ ಒಟ್ಟು ಆದಾಯದ ಮಿತಿಯನ್ನೂ 5.5% ಇಳಿಸಿತು. ಇದು ಹೊರಗಿನವರಿಗೆ ಕಾಣದ ಕೀಲಿ. ಇಲ್ಲಿನ ಶಾಲೆ ನಡೆಯುವುದು ರಾಜ್ಯದ ನೆರವು ಮತ್ತು ಊರಿನ ಆಸ್ತಿ ತೆರಿಗೆಯಿಂದ. ನೆರವು ಕಡಿಮೆಯಾದರೆ ಊರು ತೆರಿಗೆ ಏರಿಸಿ ತುಂಬಿಕೊಳ್ಳಬಹುದು, ಮಿತಿ ಬಿಟ್ಟರೆ. ಮಿತಿಯನ್ನೂ ಇಳಿಸಿದ್ದರಿಂದ ಶಿಕ್ಷಕರ ಜೇಬಿನಿಂದ ಬಂದ 'ಉಳಿತಾಯ' ರಾಜ್ಯ ಕಿತ್ತುಕೊಂಡ ಜಾಗವನ್ನು ತುಂಬಲು ಹೋಯಿತು. ಎಷ್ಟೋ ಊರುಗಳಲ್ಲಿ ತುಂಬಲೂ ಇಲ್ಲ.

ಆಮೇಲೆ ಆದದ್ದೇ ನನಗೆ ಹೆಚ್ಚು ಕುತೂಹಲದ್ದು. ಚೌಕಾಸಿ ನಿಲ್ಲಲಿಲ್ಲ, ಒಬ್ಬೊಬ್ಬರೇ ಮಾಡಬೇಕಾಯಿತು. ಹಳೆಯ ಸಂಬಳದ ಪಟ್ಟಿಯಲ್ಲಿ ಸೇವಾವಧಿ, ಪದವಿ ಎರಡನ್ನೇ ನೋಡುತ್ತಿದ್ದರು. ಪಟ್ಟಿ ಹೋದಮೇಲೆ ಗಣಿತ, ವಿಜ್ಞಾನದ ಮೇಷ್ಟ್ರು 'ಪಕ್ಕದ ಊರಿನವರು ಇಷ್ಟು ಕೊಡುತ್ತಾರಂತೆ' ಎಂದು ಹೇಳಿ ಹೆಚ್ಚಿಗೆ ಪಡೆದ. ಯೇಲ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞೆ ಬಾರ್ಬರಾ ಬಿಯಾಸಿ ವಿಸ್ಕಾನ್ಸಿನ್‌ನ ಈ ಬದಲಾವಣೆಯನ್ನೇ ಹಿಡಿದು ಅಧ್ಯಯನ ಮಾಡಿದ್ದಾರೆ. ಸಂಬಳದಲ್ಲಿ ಸ್ವಾತಂತ್ರ್ಯ ಬಳಸಿಕೊಂಡ ಮಂಡಳಿಗಳು ಒಳ್ಳೆಯ ಶಿಕ್ಷಕರನ್ನು ಸೆಳೆದುಕೊಂಡವು ಎಂಬುದು ಒಂದು ಫಲಿತಾಂಶ. ವಾಕರ್ ಬೆಂಬಲಿಗರು ಇದನ್ನು ಎತ್ತಿ ಹೇಳುತ್ತಾರೆ. ಸಹಲೇಖಕಿಯೊಂದಿಗೆ ಮಾಡಿದ ಇನ್ನೊಂದರಲ್ಲಿ, ಒಂದೇ ಅರ್ಹತೆ, ಒಂದೇ ಅನುಭವದ ಶಿಕ್ಷಕಿಗೂ ಶಿಕ್ಷಕನಿಗೂ ಹಿಂದೆ ಇಲ್ಲದ ಸಂಬಳದ ಅಂತರ ಹುಟ್ಟಿಕೊಂಡದ್ದು ಕಂಡಿತು, ಅದರಲ್ಲೂ ಕಿರಿಯರಲ್ಲಿ. ಹೆಚ್ಚು ಕೊಡಿ ಎಂದು ಕೇಳುವುದರಲ್ಲಿ ಹೆಣ್ಣುಮಕ್ಕಳು ಹಿಂದೆ ಸರಿಯುತ್ತಿದ್ದರು. ಪ್ರಾಂಶುಪಾಲರೋ ಸೂಪರಿಂಟೆಂಡೆಂಟರೋ ಹೆಂಗಸಾದ ಕಡೆ ಈ ಅಂತರ ಕಾಣಲಿಲ್ಲ. ಈ ಭಾಗವನ್ನು ಆ ಬೆಂಬಲಿಗರು ಎತ್ತುವುದಿಲ್ಲ.

ಶಿವಮೊಗ್ಗದಲ್ಲಿ ಪ್ರೌಢಶಾಲೆ ಮೇಷ್ಟ್ರಾಗಿರುವ ಗೆಳೆಯನೊಬ್ಬ ನಗುತ್ತಾನೆ: "ನಾವು 2023ರ ಮಾರ್ಚ್ 1ಕ್ಕೆ ಒಂದೇ ದಿನ ಕೆಲಸ ನಿಲ್ಲಿಸಿ 17% ಮಧ್ಯಂತರ ಪರಿಹಾರ ತಗೊಂಡ್ವಿ. ನಿಮ್ಮವರು ವಾರಗಟ್ಟಲೆ ಕೂತು ಸೋತ್ರಲ್ಲೋ!" ಅವನಿಗೆ ನಾನು ಹೇಳುವುದು ಇಷ್ಟೇ. ನಿಮಗೆ ಮೇ ತಿಂಗಳಲ್ಲಿ ವಿಧಾನಸಭೆ ಚುನಾವಣೆ ಎದುರಿಗಿತ್ತು. ಇಲ್ಲಿ ವಾಕರ್ ಗೆದ್ದು ನಾಲ್ಕು ತಿಂಗಳೂ ಆಗಿರಲಿಲ್ಲ. ನಿಮಗೆ ಒಂದು ಸರ್ಕಾರಿ ಆದೇಶ ರಾಜ್ಯವಿಡೀ ನಡೆಯುತ್ತದೆ, 2024ರ ಆಗಸ್ಟ್‌ನಿಂದ ಏಳನೇ ವೇತನ ಆಯೋಗದ ಶಿಫಾರಸು ಜಾರಿಯಾದ ಹಾಗೆ. ಇಲ್ಲಿ 400 ಊರಿಗೆ 400 ಪಟ್ಟಿ. ಮತ್ತೆ ನಿಮ್ಮ ಸ್ಟಾಫ್ ರೂಮಿನಲ್ಲೇ ಕೂರುವ ಅತಿಥಿ ಶಿಕ್ಷಕರಿಗೆ ಆ ಆಯೋಗ ಏನು ಕೊಟ್ಟಿತು ಅಂದರೆ ಅವನೂ ಮಾತು ಬದಲಿಸುತ್ತಾನೆ.

'ದುಡ್ಡಿಲ್ಲದಾಗ' ಎಂಬ ಷರತ್ತಿನ ಮಾತೇ ಈಗ ಹಳತಾಗಿದೆ. 2023ರ ಹೊತ್ತಿಗೆ ರಾಜ್ಯದ ಖಜಾನೆಯಲ್ಲಿ ಸುಮಾರು 700 ಕೋಟಿ ಡಾಲರ್ ಹೆಚ್ಚುವರಿ ಕೂತಿತ್ತು. ಆಕ್ಟ್ 10 ಹಾಗೇ ಇತ್ತು. ಹೆಚ್ಚಿನ ದುಡ್ಡಿಗಾಗಿ ಶಾಲೆಗಳು ಊರಿನವರ ಮುಂದೆ ಜನಮತಕ್ಕೆ ಹೋಗುವುದೂ ನಿಂತಿರಲಿಲ್ಲ: 2024ರ ಏಪ್ರಿಲ್‌ನಲ್ಲಿ ಮಿಲ್ವಾಕೀ 25.2 ಕೋಟಿಗೆ, ನವೆಂಬರ್‌ನಲ್ಲಿ ನಮ್ಮ ಮ್ಯಾಡಿಸನ್ 60.7 ಕೋಟಿ ಡಾಲರಿಗೆ ಹೋಗಿ ಗೆದ್ದವು. ವಾಕರ್ ಅವರನ್ನು 2018ರಲ್ಲಿ ಸೋಲಿಸಿದ ಟೋನಿ ಎವರ್ಸ್ ಒಂದು ಕಾಲದ ಮೇಷ್ಟ್ರು. ಅವರು 2023ರ ಬಜೆಟ್‌ಗೆ ಸಹಿ ಹಾಕುವಾಗ ತಮ್ಮ ಭಾಗಶಃ ವೀಟೋ ಅಧಿಕಾರ ಬಳಸಿ '2024-25' ಎಂಬಲ್ಲಿಯ ಒಂದು '20'ಯನ್ನೂ ಅಡ್ಡಗೆರೆಯನ್ನೂ ಹೊಡೆದುಹಾಕಿದರು. ಉಳಿದದ್ದು 2425! ಪ್ರತಿ ವಿದ್ಯಾರ್ಥಿಗೆ 325 ಡಾಲರಿನಂತೆ ಆದಾಯದ ಮಿತಿ ವರ್ಷ ವರ್ಷ ಏರಬೇಕು, ನಾನೂರು ವರ್ಷ. 2025ರ ಏಪ್ರಿಲ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ 4-3ರಲ್ಲಿ ಇದು ಸರಿ ಎಂದಿತು. ಮೇಷ್ಟ್ರ ಕೆಂಪು ಪೆನ್ನಿಗೆ ನಾನು ಚಪ್ಪಾಳೆ ಹೊಡೆದೆ, ಸುಳ್ಳೇಕೆ. ಆದರೆ ಮಿತಿ ಏರಿದರೆ ದುಡ್ಡು ಬಂದಂತಲ್ಲ. ರಾಜ್ಯ ನೆರವು ಹೆಚ್ಚಿಸದಿದ್ದರೆ ಅದು ನನ್ನಂಥವರ ಆಸ್ತಿ ತೆರಿಗೆಯ ಬಿಲ್ಲಿಗೆ ಬಂದು ಕೂರುತ್ತದೆ. ಇದೂ ಸಹ ಮೇಜಿನಲ್ಲಿ ಕೂತು ಆದ ತೀರ್ಮಾನವಲ್ಲ.

ಸಂಘಗಳ ಈಗಿನ ಸ್ಥಿತಿ? ಲಕ್ಷದ ಹತ್ತಿರವಿದ್ದ ರಾಜ್ಯ ಶಿಕ್ಷಕರ ಸಂಘದ ಸದಸ್ಯತ್ವ ಕೆಲವೇ ವರ್ಷಗಳಲ್ಲಿ ಅರ್ಧಕ್ಕಿಂತ ಕೆಳಗಿಳಿಯಿತು. ನಮ್ಮ ಟಿ.ಎ. ಸಂಘ ಆ ವಾರ್ಷಿಕ ಚುನಾವಣೆಗೆ ನಿಲ್ಲುವುದೇ ಬೇಡವೆಂದು 2011ರಲ್ಲೇ ತೀರ್ಮಾನಿಸಿತು. 2024ರ ಡಿಸೆಂಬರ್‌ನಲ್ಲಿ ಮ್ಯಾಡಿಸನ್ ಇರುವ ಡೇನ್ ಕೌಂಟಿಯ ನ್ಯಾಯಾಧೀಶರೊಬ್ಬರು, ಪೊಲೀಸ್-ಅಗ್ನಿಶಾಮಕದವರಿಗೊಂದು ನ್ಯಾಯ ಉಳಿದವರಿಗೊಂದು ನ್ಯಾಯ ಸಲ್ಲದು ಎಂದು ಆಕ್ಟ್ 10ರ ಬಹುಭಾಗವನ್ನು ರದ್ದು ಮಾಡಿದರು; ಮೇಲ್ಮನವಿಯ ಕಾರಣ ಆ ತೀರ್ಪಿಗೆ ತಡೆ ಬಿತ್ತು. ಅದು ಇತ್ಯರ್ಥವಾಗುವ ತನಕ ನವೆಂಬರ್ ಬಂತೆಂದರೆ ಶಿಕ್ಷಕರ ಸಂಘಗಳಿಗೆ ಅದೇ ಪರೀಕ್ಷೆ. ಮತ ಹಾಕದವರನ್ನೂ ವಿರುದ್ಧ ಹಾಕಿದವರ ಲೆಕ್ಕಕ್ಕೇ ಸೇರಿಸುವುದರಿಂದ, ಪಾಠ ಮುಗಿಸಿ ಮನೆಗೆ ಹೋದ ಟೀಚರ್‌ಗಳಿಗೆ ಸಹೋದ್ಯೋಗಿಗಳು ಫೋನ್ ಮಾಡಿ ವೋಟ್ ಹಾಕಿದಿರಾ ಎಂದು ವಿಚಾರಿಸಬೇಕು. ಗೆದ್ದರೆ ಸಿಗುವುದು ಮುಂದಿನ ವರ್ಷದ ಮೂಲ ವೇತನದ ಬಗ್ಗೆ, ಹಣದುಬ್ಬರದ ದರದೊಳಗೆ, ಮಾತಾಡುವ ಹಕ್ಕು.